ಬೀಗರ ಮನೆಯ ಮೂಲದಜ್ಜಿ ಕೈದಿಯಾಗಿದ್ದಳಂತೆ, ಅತ್ತೆಗೆ ಏನು ಹೇಳಲಿ?

ಪ್ರಶ್ನೆ: ನನ್ನ ಮಗಳು ಮೆಲ್ಬರ್ನ್‌ನಲ್ಲಿ ಕೆಲಸದಲ್ಲಿದ್ದಾಳೆ. ಟಾಸ್ಮೇನಿಯಾ ಕಡೆಯ ಹುಡುಗನನ್ನು ಮೆಚ್ಚಿಕೊಂಡಿದ್ದಾಳೆ. ನಮ್ಮ ಒಪ್ಪಿಗೆಯೂ ಇದೆ. ಹೋದ ತಿಂಗಳು ಬೀಗರ ಮನೆಗೆ ಹೋದಾಗ ಹುಡುಗನ ತಾಯಿ ಒಂದು ದಪ್ಪ ಫೈಲು ತಂದು ಮುಂದಿಟ್ಟರು. ಆರು ತಲೆಮಾರಿನ ಹಿಂದಿನ ಅವರ ಅಜ್ಜಿ 1830ರ ದಶಕದಲ್ಲಿ ಇಂಗ್ಲೆಂಡಿನ ಲ್ಯಾಂಕಶೈರ್‌ನಿಂದ ಟಾಸ್ಮೇನಿಯಾದ ಹೋಬಾರ್ಟ್‌ಗೆ ಗಡಿಪಾರಾದ ಕೈದಿಯಂತೆ. ಬಟ್ಟೆ ಕದ್ದಿದ್ದಕ್ಕೆ ಏಳು ವರ್ಷ ಶಿಕ್ಷೆ. ಅಲ್ಲಿಗೆ ಬಂದ ಮೇಲೂ ತಪ್ಪುಗಳ ಪಟ್ಟಿ ಪುಟಗಟ್ಟಲೆ ಇದೆ. ಕುಡಿದಿದ್ದಳು, ಹೇಳದೆ ಹೊರಗೆ ಹೋದಳು, ಎದುರು ಮಾತಾಡಿದಳು, ಹೀಗೆ. ಇಬ್ಬರು ಗಂಡಸರಿಂದ ಮಕ್ಕಳು. ಒಂದು ಕಡೆ ‘ಎರಡು ವರ್ಷ ಬೀದಿಯಲ್ಲಿದ್ದಳು’ ಅಂತಲೂ ಬರೆದಿದೆ. ಇದನ್ನೆಲ್ಲ ಅವರು ಹೆಮ್ಮೆಯಿಂದ ತೋರಿಸಿದರು! ನಾನು ನಕ್ಕು ಸುಮ್ಮನಾದೆ. ದಾವಣಗೆರೆಯಲ್ಲಿರುವ ನಮ್ಮ ಅತ್ತೆಗೆ 84 ವರ್ಷ. ‘ಮನೆತನ ಎಂಥದ್ದು?’ ಅಂತ ಫೋನ್ ಮಾಡಿದಾಗಲೆಲ್ಲ ಕೇಳುತ್ತಾರೆ. ಏನು ಹೇಳಲಿ? ಆ ಹೆಂಗಸು ನಿಜಕ್ಕೂ ಅಂಥವಳಾ? ಇದೆಲ್ಲ ರಕ್ತದಲ್ಲಿ ಬರುತ್ತಾ? ಇನ್ನೂ ತಿಳಿದುಕೊಳ್ಳಬೇಕು ಅಂದರೆ ಎಲ್ಲಿ ಹುಡುಕಬೇಕು?

ಉತ್ತರ: ನಮ್ಮಲ್ಲಿ ಸಂಬಂಧ ಬೆಳೆಸುವ ಮುಂಚೆ ಅವರಿವರ ಹತ್ತಿರ ಗುಟ್ಟಾಗಿ ಮನೆತನ ವಿಚಾರಿಸುತ್ತೇವೆ. ನಿಮ್ಮ ಬೀಗಿತ್ತಿ ಆ ಕಷ್ಟವನ್ನೇ ಕೊಡದೆ ಜೈಲಿನ ಕಾಗದ ತಂದು ಕೈಗಿಟ್ಟಿದ್ದಾರೆ. ಇಂಥ ಬೀಗರು ಸಿಗುವುದು ಕಷ್ಟ.

ಅವರ ಹೆಮ್ಮೆ ನಿಮಗೆ ವಿಚಿತ್ರ ಅನಿಸಿದ್ದು ಸಹಜ. ಆದರೆ ಅದೇ ಮನೆಯಲ್ಲಿ ಮೂರ್ನಾಲ್ಕು ತಲೆಮಾರಿನ ಹಿಂದೆ ಈ ಫೈಲು ತೋರಿಸುವುದಿರಲಿ, ಆ ಅಜ್ಜಿಯ ಹೆಸರನ್ನೇ ಎತ್ತುತ್ತಿರಲಿಲ್ಲ. ಕೈದಿಗಳ ನಾಡು ಅನ್ನುವ ಕಳಂಕ ತೊಳೆಯಬೇಕು ಅಂತಲೇ ವ್ಯಾನ್ ಡೀಮನ್ಸ್ ಲ್ಯಾಂಡ್ ಅನ್ನುವ ಹೆಸರು ಬಿಟ್ಟು 1856ರಲ್ಲಿ ಟಾಸ್ಮೇನಿಯಾ ಅಂತ ಇಟ್ಟುಕೊಂಡರು. ಮನೆಮನೆಯಲ್ಲೂ ‘ನಮ್ಮವರು ಸ್ವಂತ ಖರ್ಚಿನಲ್ಲಿ ಬಂದವರು’ ಅಂತ ಕಥೆ ಕಟ್ಟಿದರು. ಈ ನಾಚಿಕೆ ಹೋಗೋಕೆ ನೂರು ವರ್ಷಕ್ಕೂ ಜಾಸ್ತಿ ಬೇಕಾಯಿತು. 1988ರಲ್ಲಿ ಕೈದಿಗಳ ಮೊದಲ ಹಡಗುಗಳು ಬಂದು ಇನ್ನೂರು ವರ್ಷ ತುಂಬುವ ಹೊತ್ತಿಗೆ ಗಾಳಿ ಪೂರಾ ತಿರುಗಿತ್ತು. ಈಗ ಕೈದಿ ಪೂರ್ವಜರು ಇಲ್ಲದವರೇ ಸ್ವಲ್ಪ ಬೇಜಾರು ಮಾಡಿಕೊಳ್ಳುತ್ತಾರೆ.

ನಿಮ್ಮ ಪತ್ರದಲ್ಲಿ ಮೂರು ಅನುಮಾನ ಒಂದಕ್ಕೊಂದು ಸಿಕ್ಕಿಕೊಂಡಿವೆ. ಅವಳು ಕಳ್ಳಿಯಾ, ನಡತೆಗೆಟ್ಟವಳಾ, ಅದು ವಂಶಕ್ಕೆ ಅಂಟುತ್ತಾ. ಒಂದೊಂದಾಗಿ ಬಿಡಿಸೋಣ.

ಕಳ್ಳತನ ಮಾಡಿದ್ದು ನಿಜ ಇರಬಹುದು. 1788ರಿಂದ 1868ರವರೆಗೆ ಆಸ್ಟ್ರೇಲಿಯಾಗೆ ಬಂದ ಕೈದಿಗಳು ಸುಮಾರು 1,62,000. ಅದರಲ್ಲಿ ಹೆಂಗಸರು 25,000ದಷ್ಟು. ಹತ್ತಿರ ಹತ್ತಿರ ಅರ್ಧದಷ್ಟು ಹೆಂಗಸರು ಬಂದಿಳಿದದ್ದು ಟಾಸ್ಮೇನಿಯಾದಲ್ಲೇ. ಬಹುಪಾಲಿನವರ ಮೇಲಿದ್ದದ್ದು ಕಳ್ಳತನದ ಆರೋಪ. ಬಹುಪಾಲಿನವರು ಮನೆಗೆಲಸದವರು. ಹಸಿದ ಮಕ್ಕಳಿಗಾಗಿ ಒಂದು ಬ್ರೆಡ್ ಕದ್ದ ತಾಯಿಯ ಕಥೆ ಪ್ರವಾಸಿಗರಿಗೆ ತುಂಬಾ ಇಷ್ಟ. ದಾಖಲೆಗಳಲ್ಲಿ ಅದು ಅಪರೂಪ. ಕದ್ದದ್ದು ಹೆಚ್ಚಾಗಿ ಬಟ್ಟೆ, ಕರವಸ್ತ್ರ, ಹಾಸಿಗೆಯ ಹೊದಿಕೆ, ಚಿಲ್ಲರೆ ಹಣ. ಕದ್ದ ಜಾಗ ಕೆಲಸಕ್ಕಿದ್ದ ಮನೆ, ಬಾಡಿಗೆ ಕೋಣೆ, ಇಲ್ಲವೇ ಅಂಗಡಿ. ಬಟ್ಟೆಗೆ ಆಗ ಬೆಲೆ ಜಾಸ್ತಿ. ಗಿರವಿ ಅಂಗಡಿಯಲ್ಲಿಟ್ಟರೆ ಅರ್ಧ ಗಂಟೆಯಲ್ಲಿ ಕೈಗೆ ಕಾಸು. ಲ್ಯಾಂಕಶೈರ್ ಅಂದರೆ ಹತ್ತಿ ಗಿರಣಿಗಳ ಸೀಮೆ, ಅಲ್ಲಿ ಕಣ್ಣಿಗೆ ಬೀಳುತ್ತಿದ್ದದ್ದೇ ಬಟ್ಟೆ. ಇವರೆಲ್ಲ ಏನೂ ಅರಿಯದ ಮುಗ್ಧೆಯರು ಅಂತ ನಾನು ಹೇಳುವುದಿಲ್ಲ. ಎರಡನೇ ಸಲ, ಮೂರನೇ ಸಲ ಸಿಕ್ಕಿಬಿದ್ದವರು ಇದ್ದರು. ಪಳಗಿದ ಕೈಗಳೂ ಇದ್ದವು.

ಆದರೆ ಶಿಕ್ಷೆಯ ಉದ್ದ ನೋಡಿ ತಪ್ಪಿನ ಗಾತ್ರ ಅಳೆಯಲು ಹೋಗಬೇಡಿ. 1789ರಲ್ಲಿ ಲಂಡನ್ನಿನ ಓಲ್ಡ್ ಬೇಲಿ ಕೋರ್ಟಿನಲ್ಲಿ ಮೇರಿ ವೇಡ್ ಅನ್ನುವ 11 ವರ್ಷದ ಹುಡುಗಿ ನಿಂತಿದ್ದಳು. ತನಗಿಂತ ಚಿಕ್ಕ ಹುಡುಗಿಯೊಬ್ಬಳ ಫ್ರಾಕು, ಟೋಪಿ ಕಿತ್ತುಕೊಂಡು ಗಿರವಿ ಅಂಗಡಿಗೆ ಮಾರಿದ್ದಳು. ತೀರ್ಪು ಬಂತು: ಗಲ್ಲು. ಆಮೇಲೆ ಅದನ್ನು ಗಡಿಪಾರಿಗೆ ಇಳಿಸಿದರು. ಲೇಡಿ ಜೂಲಿಯಾನ ಅನ್ನುವ ಹಡಗಿನಲ್ಲಿ ಇನ್ನೂರಕ್ಕೂ ಹೆಚ್ಚು ಹೆಂಗಸರ ಜೊತೆ 1790ರಲ್ಲಿ ಅವಳು ಸಿಡ್ನಿಗೆ ಬಂದಳು. 1859ರವರೆಗೆ ಬದುಕಿದಳು. ಆಸ್ಟ್ರೇಲಿಯಾದ ಪ್ರಧಾನಿಯಾಗಿದ್ದ ಕೆವಿನ್ ರಡ್ ಅವಳ ವಂಶದವರೇ. ಅತ್ತೆಯವರಿಗೆ ಬೇರೆ ಏನೂ ಹೇಳಲು ತೋಚದಿದ್ದರೆ ಇದೊಂದನ್ನು ಹೇಳಿ.

ಇನ್ನು ನೀವು ಕೇಳಲು ಮುಜುಗರಪಟ್ಟ ಪ್ರಶ್ನೆ. ಗಡಿಪಾರಾದ ಹೆಂಗಸರೆಲ್ಲ ವೇಶ್ಯೆಯರು ಅನ್ನುವ ಮಾತು ಬಹಳ ಹಳೆಯದು, ಇವತ್ತಿಗೂ ಸತ್ತಿಲ್ಲ. ಮೈ ಮಾರಿದ್ದಕ್ಕೆ ಇಂಗ್ಲೆಂಡಿನಲ್ಲಿ ಗಡಿಪಾರು ಶಿಕ್ಷೆಯೇ ಇರಲಿಲ್ಲ. ಹಾಗಾದರೆ ಈ ಮಾತು ಹುಟ್ಟಿದ್ದು ಎಲ್ಲಿ? ಒಂದು ಬೇರು 1788ರ ಫೆಬ್ರವರಿ 6ರ ರಾತ್ರಿಯಲ್ಲಿದೆ. ಅವತ್ತು ಮೊದಲ ಹಡಗುಗಳ ಹೆಂಗಸರನ್ನು ಸಿಡ್ನಿಯ ದಡಕ್ಕೆ ಇಳಿಸಿದರು. ಗುಡುಗು ಮಳೆ ಜೋರಾಗಿತ್ತು. ದಡದಲ್ಲಿ ರಾತ್ರಿಯಿಡೀ ಲಂಗುಲಗಾಮಿಲ್ಲದ ಮೋಜು ನಡೆಯಿತು ಅಂತ ಆರ್ಥರ್ ಬೋಸ್ ಸ್ಮಿತ್ ಅನ್ನುವ ವೈದ್ಯ ಡೈರಿಯಲ್ಲಿ ಬರೆದ. ಆತ ಆ ರಾತ್ರಿ ಇದ್ದದ್ದು ಹಡಗಿನಲ್ಲಿ! ಮುಂದೆ ಬರೆದವರೆಲ್ಲ ಅದಕ್ಕೆ ಒಗ್ಗರಣೆ ಹಾಕುತ್ತಾ ಹೋದರು.

ಇನ್ನೊಂದು ಬೇರು ಇದಕ್ಕಿಂತ ಗಟ್ಟಿ. ಸ್ಯಾಮ್ಯುಯೆಲ್ ಮಾರ್ಸ್ಡೆನ್ ಅನ್ನುವ ಪಾದ್ರಿ 1806ರಲ್ಲಿ ಕಾಲೊನಿಯ ಹೆಂಗಸರ ಪಟ್ಟಿ ಮಾಡಿದ. ಆತನ ಲೆಕ್ಕದಲ್ಲಿ ಇದ್ದದ್ದು ಎರಡೇ ಬಗೆ, ಮದುವೆಯಾದವರು ಮತ್ತು ಇಟ್ಟುಕೊಂಡವರು. ಇಂಗ್ಲೆಂಡಿನ ಚರ್ಚ್ ಪದ್ಧತಿಯಲ್ಲಿ ಆಗಿದ್ದರೆ ಮಾತ್ರ ಮದುವೆ. ಕ್ಯಾಥೊಲಿಕ್ ರೀತಿಯಲ್ಲಿ, ಯಹೂದಿ ರೀತಿಯಲ್ಲಿ ಆದವರು, ಒಬ್ಬನ ಜೊತೆಗೇ ಹತ್ತಾರು ವರ್ಷ ಸಂಸಾರ ಮಾಡಿ ಮಕ್ಕಳು ಸಾಕಿದವರು, ಎಲ್ಲರೂ ಆ ಎರಡನೇ ಬಗೆಗೇ ಸೇರಿದರು. ಈ ಪಟ್ಟಿ ಲಂಡನ್ನಿಗೆ ಹೋಗಿ ದೊಡ್ಡವರ ಮೇಜಿನ ಮೇಲೆ ಕೂತಿತು. ಒಬ್ಬ ಪಾದ್ರಿಯ ಸಿಟ್ಟು ಸರ್ಕಾರಿ ಅಂಕಿ ಅಂಶ ಆಗಿದ್ದು ಹೀಗೆ.

ನಿಮ್ಮ ಬೀಗರ ಫೈಲಿನಲ್ಲಿರುವ ‘ಬೀದಿಯಲ್ಲಿದ್ದಳು’ ಅನ್ನುವ ಸಾಲಿಗೆ ಬರೋಣ. ಅದರ ಅರ್ಥ ನೀವು ಅಂದುಕೊಂಡದ್ದೇ, ಅದನ್ನು ಮುಚ್ಚಿಡುವುದಿಲ್ಲ. ಹಡಗು ಹೋಬಾರ್ಟ್‌ಗೆ ಬಂದಾಗ ಗುಮಾಸ್ತರು ಒಬ್ಬೊಬ್ಬಳನ್ನೇ ನಿಲ್ಲಿಸಿ ಕೇಳುತ್ತಿದ್ದರು. ಏನು ಕದ್ದೆ, ಹಿಂದೆ ಜೈಲಿಗೆ ಹೋಗಿದ್ದೆಯಾ, ಮದುವೆಯಾಗಿದೆಯಾ, ಎಷ್ಟು ದಿನ ಬೀದಿಯಲ್ಲಿದ್ದೆ? ಅವಳ ಎತ್ತರ, ಕಣ್ಣಿನ ಬಣ್ಣ, ಮುಖದ ಕಲೆ, ಕೈಮೇಲಿನ ಹಚ್ಚೆ ಕೂಡ ಬರೆದುಕೊಳ್ಳುತ್ತಿದ್ದರು. ಇಂಗ್ಲೆಂಡಿನಿಂದ ಬಂದ ಕಾಗದದ ಜೊತೆ ತಾಳೆ ನೋಡುತ್ತಾರೆ ಅಂತ ಗೊತ್ತಿದ್ದ ಹೆಂಗಸರು ಇದ್ದದ್ದು ಇದ್ದ ಹಾಗೆ ಹೇಳಿಬಿಡುತ್ತಿದ್ದರು. ಮನೆಗೆಲಸದವಳನ್ನು ಒಡತಿ ಹೊರಗೆ ಹಾಕಿದರೆ, ‘ಒಳ್ಳೆಯವಳು’ ಅಂತ ಚೀಟಿ ಕೊಡದಿದ್ದರೆ, ಇನ್ನೊಂದು ಮನೆಯಲ್ಲಿ ಕೆಲಸ ಸಿಗುತ್ತಿರಲಿಲ್ಲ. ಆ ಎರಡು ವರ್ಷ ಅವಳು ಹಾಗೆ ಹೊಟ್ಟೆ ಹೊರೆದಿರಬಹುದು. ಅವಳ ಬದುಕಿನ ಉಳಿದ ವರ್ಷಗಳ ಬಗ್ಗೆ ಆ ಸಾಲು ಏನೂ ಹೇಳುವುದಿಲ್ಲ.

ಬಂದ ಮೇಲಿನ ತಪ್ಪುಗಳ ಪಟ್ಟಿ ನಿಮ್ಮನ್ನು ಜಾಸ್ತಿ ಹೆದರಿಸಿದೆ ಅನಿಸುತ್ತೆ. ಇಂಥ ಪುಟಗಳನ್ನು ಓದುವುದೇ ನನ್ನ ಕೆಲಸ. ನಾನು ಮೊದಲು ನೋಡುವುದು ದೂರು ಕೊಟ್ಟವರು ಯಾರು ಅನ್ನುವುದನ್ನು. ಬಹಳ ಸಲ ಅದು ಅವಳ ಯಜಮಾನ ಅಥವಾ ಒಡತಿ. 1830ರ ದಶಕದಲ್ಲಿ ಬಂದ ಹೆಂಗಸರನ್ನು ಅಲ್ಲಿ ನೆಲೆಸಿದವರ ಮನೆಗಳಿಗೆ ಕೆಲಸಕ್ಕೆ ಹಂಚುತ್ತಿದ್ದರು. ಊಟ, ಬಟ್ಟೆ, ಮಲಗೋಕೆ ಜಾಗ. ಕೆಲಸ ಬಿಟ್ಟು ಹೋಗುವ ಹಾಗಿಲ್ಲ. ಎದುರು ಮಾತಾಡಿದರೆ, ಸಂಜೆ ಹೇಳದೆ ಹೊರಗೆ ಹೋದರೆ, ಬಟ್ಟೆ ಒಗೆಯಲ್ಲ ಅಂದರೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸುತ್ತಿದ್ದರು. ಇವತ್ತು ಬೆಂಗಳೂರಿನಲ್ಲಿ ಕೆಲಸದವಳಿಗೆ ಯಜಮಾನಿ ಸರಿಬರದಿದ್ದರೆ ಬೇರೆ ಮನೆ ನೋಡಿಕೊಳ್ಳುತ್ತಾಳೆ. ಕೈದಿ ಹೆಂಗಸಿಗೆ ಆ ದಾರಿ ಇರಲಿಲ್ಲ. ಹಾಗಾಗಿ ಬೇಕಂತಲೇ ಜಗಳ ತೆಗೆದು ಶಿಕ್ಷೆ ಅನುಭವಿಸಿ ಆ ಮನೆಯಿಂದ ಪಾರಾದವರು ಇದ್ದರು. ಪಟ್ಟಿಯಲ್ಲಿ ಅದೂ ಒಂದು ಅಪರಾಧ ಅಂತಲೇ ದಾಖಲಾಗುತ್ತದೆ.

ಶಿಕ್ಷೆಗೆ ಕಳಿಸುತ್ತಿದ್ದದ್ದು ಹೆಂಗಸರ ಫ್ಯಾಕ್ಟರಿಗೆ. ಹೆಸರಿಗೆ ಕಾರ್ಖಾನೆ. ಜೈಲು, ದುಡಿಮೆಯ ಶೆಡ್ಡು, ಹೆರಿಗೆ ಮನೆ, ಕೆಲಸಗಾರರನ್ನು ಹಂಚುವ ಆಫೀಸು, ಎಲ್ಲವೂ ಒಂದೇ ಗೋಡೆಯೊಳಗೆ. ಹೋಬಾರ್ಟ್‌ನಲ್ಲಿ ಅದರ ಹೆಸರು ಕ್ಯಾಸ್ಕೇಡ್ಸ್. ವೆಲ್ಲಿಂಗ್ಟನ್ ಬೆಟ್ಟದ ಬುಡದಲ್ಲಿ, ಮೊದಲು ಹೆಂಡ ಬಟ್ಟಿ ಇಳಿಸುತ್ತಿದ್ದ ಕಟ್ಟಡವನ್ನೇ ಬದಲಾಯಿಸಿ 1828ರಲ್ಲಿ ಶುರು ಮಾಡಿದರು. ಕಣಿವೆಯ ತಳ, ಪಕ್ಕದಲ್ಲೇ ತೊರೆ, ಚಳಿಗಾಲದಲ್ಲಿ ಬಿಸಿಲು ಕಾಣುವುದೇ ಸ್ವಲ್ಪ ಹೊತ್ತು. ಹೆಂಗಸರನ್ನು ಮೂರು ದರ್ಜೆ ಮಾಡಿದ್ದರು. ಕೊನೆಯ ದರ್ಜೆಯವರ ಬಟ್ಟೆಯ ಮೇಲೆ ಹಳದಿ ಬಣ್ಣದ ದೊಡ್ಡ ‘ಸಿ’ ಅಕ್ಷರ, ಬೆನ್ನಿಗೊಂದು, ತೋಳಿಗೊಂದು, ಲಂಗದ ಹಿಂದೆ ಒಂದು. ಇವರ ಪಾಲಿಗೆ ಬಂದದ್ದು ಒಗೆಯುವ ತೊಟ್ಟಿ. ಊರಿನ ಕೊಳೆ ಬಟ್ಟೆ ಇಲ್ಲಿಗೆ ಬರುತ್ತಿತ್ತು. ಹಳೆಯ ಹಡಗಿನ ಹಗ್ಗ ಬಿಚ್ಚಿ ನಾರು ಮಾಡುವುದು, ಉಣ್ಣೆ ನೂಲುವುದು ಇನ್ನೂ ಕೆಲವರ ಕೆಲಸ. ಹೆಂಗಸರಿಗೆ ಚಾಟಿ ಏಟು ಆ ಹೊತ್ತಿಗೆ ನಿಂತಿತ್ತು. ಅದರ ಬದಲು ಒಂಟಿ ಕೋಣೆ, ಬರೀ ಬ್ರೆಡ್ಡು ನೀರು, ತಲೆಕೂದಲು ಕತ್ತರಿಸುವುದು. ಕೂದಲಿಗೆ ಕತ್ತರಿ ಹಾಕಿದಾಗ ಆಗುತ್ತಿದ್ದಷ್ಟು ಗಲಾಟೆ ಬೇರೆ ಯಾವುದಕ್ಕೂ ಆಗುತ್ತಿರಲಿಲ್ಲ.

ಇವರೇನು ಸುಮ್ನೆ ತಲೆ ತಗ್ಗಿಸಿಕೊಂಡು ಇದ್ದವರಲ್ಲ. ಸಿಡ್ನಿ ಹತ್ತಿರದ ಪ್ಯಾರಮಟ್ಟದಲ್ಲೂ ಇಂಥದ್ದೇ ಫ್ಯಾಕ್ಟರಿ ಇತ್ತು. ಈಗ ನಮ್ಮವರು ಬೇಕಾದಷ್ಟು ಜನ ಇರುವ ಊರು. 1827ರ ಅಕ್ಟೋಬರ್‌ನಲ್ಲಿ ಊಟದ ಪಾಲು ಕಡಿಮೆ ಮಾಡಿದ್ದಕ್ಕೆ ಅಲ್ಲಿಯ ಹೆಂಗಸರು ಬಾಗಿಲು ಮುರಿದು ಊರಿಗೆ ನುಗ್ಗಿದರು. ಅಂಗಡಿಗಳಿಂದ ಬ್ರೆಡ್ಡು, ಮಾಂಸ ಎತ್ತಿಕೊಂಡರು. ಸೈನಿಕರನ್ನು ಕರೆಸಿ ವಾಪಸ್ ಅಟ್ಟಬೇಕಾಯಿತು.

‘ಇಬ್ಬರು ಗಂಡಸರಿಂದ ಮಕ್ಕಳು’ ಅನ್ನುವುದಕ್ಕೂ ಹಿನ್ನೆಲೆ ಇದೆ. ಕೈದಿ ಹೆಂಗಸು ಮದುವೆಯಾಗಬೇಕಾದರೆ ಸರ್ಕಾರದ ಅನುಮತಿ ಬೇಕು. ಊರಲ್ಲಿ ಗಂಡ ಬದುಕಿದ್ದರೆ ಕಷ್ಟ. ಅನುಮತಿ ಸಿಗದವರು ಸುಮ್ಮನೆ ಜೊತೆಗಿದ್ದರು. ಇನ್ನು ಕೆಲಸಕ್ಕಿದ್ದ ಮನೆಯಲ್ಲಿ ಬಸಿರಾದರೆ ಅವಳನ್ನು ಫ್ಯಾಕ್ಟರಿಗೆ ವಾಪಸ್ ಕಳಿಸುತ್ತಿದ್ದರು. ಮಗುವಿನ ಅಪ್ಪ ಆ ಮನೆಯ ಯಜಮಾನನೋ, ಅವನ ಮಗನೋ, ಜೊತೆಯ ಆಳೋ ಅಂತ ಕೇಳುವವರಿಲ್ಲ. ಹೆರಿಗೆ ಆಗಿ, ಹಾಲು ಬಿಡಿಸಿದ ಮೇಲೆ, ಮದುವೆಯಿಲ್ಲದೆ ಹೆತ್ತ ತಪ್ಪಿಗೆ ಅವಳಿಗೆ ಆರು ತಿಂಗಳು ಕೊನೆಯ ದರ್ಜೆ. ಕೂಸು ಒಂದು ಕಡೆ, ಅವಳು ಒಗೆಯುವ ತೊಟ್ಟಿಯ ಮುಂದೆ. ಕ್ಯಾಸ್ಕೇಡ್ಸ್‌ನಲ್ಲಿ ಕೂಸುಗಳು ಸಾಯುತ್ತಿದ್ದದ್ದು ಎಷ್ಟಿತ್ತೆಂದರೆ 1838ರಲ್ಲಿ ಒಂದು ಮಗುವಿನ ಸಾವಿನ ವಿಚಾರಣೆ ಆಗಿ ಪತ್ರಿಕೆಗಳು ಕೂಗಾಡಿದವು. ಆಮೇಲೆ ಕೂಸುಗಳನ್ನು ಊರೊಳಗಿನ ಮನೆಯೊಂದಕ್ಕೆ ಸಾಗಿಸಿದರು. ಬದುಕಿ ಉಳಿದವು ಎರಡು ಮೂರು ವರ್ಷಕ್ಕೆ ನ್ಯೂ ಟೌನ್‌ನ ಅನಾಥಾಲಯಕ್ಕೆ, ತಾಯಿ ಇದ್ದೂ ಅನಾಥರಾಗಿ. ಹಾಗಾಗಿ ಫೈಲಿನಲ್ಲಿ ಮಕ್ಕಳ ಹೆಸರು ಓದುವಾಗ ಅವುಗಳ ವಯಸ್ಸೂ ನೋಡಿ. ಎಷ್ಟು ಮಕ್ಕಳು ಉಳಿದವು, ಅವಳು ಎಷ್ಟನ್ನು ಅನಾಥಾಲಯದಿಂದ ಬಿಡಿಸಿಕೊಂಡು ಬಂದಳು ಅನ್ನುವುದು ಕುಡಿದಿದ್ದಳು ಅನ್ನುವುದಕ್ಕಿಂತ ದೊಡ್ಡ ವಿಷಯ.

ರಕ್ತದ ವಿಚಾರಕ್ಕೆ ಜಾಸ್ತಿ ಹೊತ್ತು ಬೇಡ. ಇದೇ ಅನುಮಾನ ಬ್ರಿಟಿಷ್ ಸರ್ಕಾರಕ್ಕೂ ಇತ್ತು. ಕಾಲೊನಿಯನ್ನು ತನಿಖೆ ಮಾಡಲು ಕಳಿಸಿದ ಜಾನ್ ಥಾಮಸ್ ಬಿಗ್ಗೆ ಕೈದಿಗಳ ಮೇಲೆ ಕರುಣೆ ಇದ್ದ ಮನುಷ್ಯನೇನಲ್ಲ. ಅಂಥವನೂ 1820ರ ದಶಕದ ತನ್ನ ವರದಿಯಲ್ಲಿ, ಅಲ್ಲೇ ಹುಟ್ಟಿದ ಮಕ್ಕಳು ಎತ್ತರಕ್ಕೆ ಬೆಳೆದಿದ್ದಾರೆ, ನಡತೆಯಲ್ಲಿ ಅಪ್ಪ ಅಮ್ಮಂದಿರ ಹಾಗಿಲ್ಲ ಅಂತ ಬರೆದ. ಹೊಟ್ಟೆತುಂಬ ಮಾಂಸ ಸಿಕ್ಕಿತು, ಕೈತುಂಬ ಕೆಲಸ ಸಿಕ್ಕಿತು, ಕದಿಯುವ ಅಗತ್ಯ ಹೋಯಿತು. ಅದಕ್ಕಿಂತ ದೊಡ್ಡ ರಹಸ್ಯ ಇದರಲ್ಲಿಲ್ಲ. ಒಂದು ಮಾತು ಸೇರಿಸಲೇಬೇಕು. ಆ ಕೆಲಸ, ಆ ಹೊಲ ಸಿಕ್ಕಿದ್ದು ಟಾಸ್ಮೇನಿಯಾದ ಮೂಲನಿವಾಸಿಗಳನ್ನು ಕೊಂದು, ಓಡಿಸಿ ಕಿತ್ತುಕೊಂಡ ನೆಲದಲ್ಲಿ. ಅಜ್ಜಿ ಹೋಬಾರ್ಟ್‌ಗೆ ಬಂದ ದಶಕದ ಶುರುವಿನಲ್ಲೂ ಆ ಯುದ್ಧ ನಡೆದೇ ಇತ್ತು. ಹೆಮ್ಮೆಯ ಫೈಲುಗಳಲ್ಲಿ ಈ ಭಾಗ ಬಹಳ ಸಲ ಇರುವುದಿಲ್ಲ.

ಈಗ ಹುಡುಕುವ ವಿಷಯ. ಟಾಸ್ಮೇನಿಯಾದ ಸರ್ಕಾರಿ ಪತ್ರಾಗಾರ ಕೈದಿಗಳ ದಾಖಲೆಗಳನ್ನು ಸ್ಕ್ಯಾನ್ ಮಾಡಿ ಇಂಟರ್ನೆಟ್‌ನಲ್ಲಿ ಪುಕ್ಕಟೆಯಾಗಿ ಇಟ್ಟಿದೆ. ಯುನೆಸ್ಕೋ ಪಟ್ಟಿಗೆ ಸೇರಿದ ದಾಖಲೆಗಳಿವು. 1844ಕ್ಕೆ ಮುಂಚೆ ಬಂದ ಹೆಂಗಸರ ನಡತೆಯ ಪುಸ್ತಕಗಳು ‘ಕಾನ್ 40’ ಅನ್ನುವ ಸಾಲಿನಲ್ಲಿವೆ, ಮೈಗುರುತಿನ ಪಟ್ಟಿ ‘ಕಾನ್ 19’ರಲ್ಲಿ. ಇಲ್ಲಿ ಎಡವುವುದು ಹೆಸರಿನಲ್ಲಿ. ಮೇರಿ, ಆನ್, ಎಲಿಜಬೆತ್, ಸಾರಾ, ಇವಿಷ್ಟೇ ಹೆಸರುಗಳಲ್ಲಿ ಸಾವಿರಾರು ಜನ. ಹೆಸರಿನ ಜೊತೆ ಹಡಗಿನ ಹೆಸರೂ ತಾಳೆಯಾಗದಿದ್ದರೆ ನಂಬಬೇಡಿ. ಯಾರದೋ ಅಜ್ಜಿಯನ್ನು ತಮ್ಮ ಅಜ್ಜಿ ಅಂದುಕೊಂಡು ಫೈಲು ಕಟ್ಟಿದ ಮನೆಗಳನ್ನು ನಾನು ಕಂಡಿದ್ದೇನೆ. ಅವಳ ವಿಚಾರಣೆಯ ಮಾತುಗಳು ಬೇಕಾದರೆ ಸ್ವಲ್ಪ ಕಷ್ಟ. ಲಂಡನ್ನಿನವಳಾಗಿದ್ದರೆ ಓಲ್ಡ್ ಬೇಲಿಯ ವರದಿಗಳನ್ನು ಮನೆಯಲ್ಲೇ ಕೂತು ಓದಬಹುದಿತ್ತು. ಲ್ಯಾಂಕಶೈರ್ ಮೊಕದ್ದಮೆಗಳಿಗೆ ಅಲ್ಲಿನ ಜಿಲ್ಲಾ ಪತ್ರಾಗಾರ, ಆ ಕಾಲದ ಊರ ಪತ್ರಿಕೆ ನೋಡಬೇಕು, ಎಷ್ಟೋ ಸಲ ಸಿಗುವುದು ಎರಡೇ ಸಾಲು. ಶಿಕ್ಷೆ ಮುಗಿದ ಮೇಲೆ ಅವಳು ಮದುವೆಯಾಗಿ ಹೆಸರು ಬದಲಾಯಿಸಿದ್ದರೆ ಜಾಡು ಅಲ್ಲಿಗೇ ತಪ್ಪಬಹುದು. ಆಗ ಮಕ್ಕಳ ಜನನ ಮರಣದ ದಾಖಲೆಯಿಂದ ಹಿಂದಕ್ಕೆ ಬರಬೇಕು.

ಡಿಎನ್‌ಎ ಪರೀಕ್ಷೆ ಮಾಡಿಸೋಣ ಅಂತ ಹುಡುಗನ ಕಡೆಯವರು ಅನ್ನಬಹುದು, ಅಲ್ಲಿ ಅದು ಮಾಮೂಲು. ಇಬ್ಬರು ಗಂಡಸರಲ್ಲಿ ಯಾರ ವಂಶ ಅನ್ನುವ ಸುಳಿವು ಅದರಿಂದ ಸಿಗಬಹುದು. ಆದರೆ ಕೇಳದೆ ಇದ್ದ ಉತ್ತರವೂ ಬರುತ್ತದೆ. ಈಗ ಬದುಕಿರುವ ಯಾರದೋ ಅಪ್ಪ ಬೇರೆ ಅಂತ ಗೊತ್ತಾಗಿ ಮನೆ ಎರಡಾದದ್ದಿದೆ. ಮದುವೆ ಹತ್ತಿರ ಇರುವಾಗ ನಾನಂತೂ ಬೇಡ ಅನ್ನುತ್ತೇನೆ.

ಕಾಗದದಲ್ಲಿ ಸಿಗದ್ದನ್ನು ಕಣ್ಣಲ್ಲಿ ನೋಡಬೇಕು ಅಂದರೆ ಒಂದು ವಸ್ತುವಿದೆ. 1841ರಲ್ಲಿ ರಾಜಾ ಅನ್ನುವ ಹಡಗು 180 ಹೆಂಗಸರನ್ನು ಹೊತ್ತು ಹೋಬಾರ್ಟ್‌ಗೆ ಬಂತು. ಎಲಿಜಬೆತ್ ಫ್ರೈ ಅನ್ನುವ ಸುಧಾರಕಿಯ ಸಂಘದವರು ಹೊರಡುವ ಮುಂಚೆ ಪ್ರತಿ ಹೆಂಗಸಿಗೂ ಒಂದು ಚೀಲ ಕೊಡುತ್ತಿದ್ದರು. ಅದರಲ್ಲಿ ಸೂಜಿ, ದಾರ, ಕತ್ತರಿ, ಬಟ್ಟೆ ಚೂರುಗಳು. ದಾರಿಯಲ್ಲಿ ಈ ಹೆಂಗಸರು ಅವನ್ನೆಲ್ಲ ಸೇರಿಸಿ ಹೊಲಿದರು, ನಮ್ಮ ಉತ್ತರ ಕರ್ನಾಟಕದ ಕೌದಿಯ ಹಾಗೇ. 2,815 ಚೂರುಗಳು. ನಡುವೆ ಹೂವು, ಹಕ್ಕಿ. ಅಂಚಿನ ಹತ್ತಿರ ಆ ಸಂಘದವರಿಗೆ ಧನ್ಯವಾದ ಹೇಳುವ ಸಾಲುಗಳನ್ನು ದಾರದಲ್ಲೇ ಬರೆದಿದ್ದಾರೆ. ಕೆಲವು ಕಡೆ ಹೊಲಿಗೆ ನುಣುಪು, ಕೆಲವು ಕಡೆ ಸೂಜಿ ಹಿಡಿದೇ ಗೊತ್ತಿಲ್ಲದವರ ಕೈ. ಈಗ ಅದು ಕ್ಯಾನ್ಬೆರಾದ ರಾಷ್ಟ್ರೀಯ ಕಲಾ ಗ್ಯಾಲರಿಯಲ್ಲಿದೆ. ಬಟ್ಟೆ ಜೀರ್ಣವಾಗಿರುವುದರಿಂದ ಅಪರೂಪಕ್ಕೆ ಹೊರತೆಗೆಯುತ್ತಾರೆ, ಹೋಗುವ ಮುಂಚೆ ವಿಚಾರಿಸಿ.

ಅತ್ತೆಯವರಿಗೆ ಏನು ಹೇಳುವುದು? ಮುಚ್ಚಿಡಬಹುದು. ಆದರೆ ಮದುವೆ ಮನೆಯಲ್ಲಿ ಆ ಬೀಗಿತ್ತಿ ಎಷ್ಟು ಹೊತ್ತು ಸುಮ್ಮನಿರುತ್ತಾರೆ ಅಂದುಕೊಂಡಿರಿ? ಹೆಮ್ಮೆಯ ವಿಷಯ ಅವರಿಗೆ. ಊಟದ ಪಂಕ್ತಿಯಲ್ಲಿ ಯಾರೋ ತರ್ಜುಮೆ ಮಾಡಿ ಅತ್ತೆಯ ಕಿವಿಗೆ ಹಾಕುತ್ತಾರೆ. ‘ಸೊಸೆ ಮುಚ್ಚಿಟ್ಟಳು’ ಅನ್ನುವ ಮಾತು ಆಮೇಲೆ ನಿಮ್ಮ ತಲೆಗೆ. ಪೂರಾ ಫೈಲು ಓದಿ ಹೇಳುವುದೂ ಬೇಡ, ‘ಬೀದಿ’ ಸಾಲು ಅವರಿಗೆ ಬೇಕಿಲ್ಲ. ಕರಿನೀರಿನ ಶಿಕ್ಷೆಗೆ ಹೋದವಳು ಅನ್ನಿ, ಅವರ ವಯಸ್ಸಿನವರಿಗೆ ತಕ್ಷಣ ಅರ್ಥವಾಗುತ್ತದೆ. ನಮ್ಮ ದೇಶದಿಂದ ಅಂಡಮಾನಿಗೂ ಬ್ರಿಟಿಷರು ಹೆಂಗಸರನ್ನು ಕಳಿಸಿದ್ದರು. ಅಲ್ಲಿ ಬಿಡುಗಡೆಯ ದಾರಿ ಹಿಡಿದ ಗಂಡಸರ ಜೊತೆ ಮದುವೆಯಾಗಿ, ಜಾತಿ ಭಾಷೆ ಕಲಸಿಹೋಗಿ ಬೆಳೆದ ಮನೆಗಳು ಇವತ್ತಿಗೂ ಇವೆ. ‘ಸಣ್ಣ ವಯಸ್ಸಿನಲ್ಲಿ ಬಟ್ಟೆ ಕದ್ದಳಂತೆ, ಹಡಗು ಹತ್ತಿಸಿದರಂತೆ, ಅಲ್ಲೇ ದುಡಿದು ಮಕ್ಕಳು ಸಾಕಿದಳಂತೆ’ ಅಂತ ಮೂರು ಮಾತು ಸಾಕು. ನಿಮ್ಮ ಅತ್ತೆ ಮುಂದಿನ ಪ್ರಶ್ನೆ ಏನು ಕೇಳುತ್ತಾರೆ ಅಂತ ನನಗೆ ಗೊತ್ತು: ‘ಆಮೇಲೆ ಅವಳಮ್ಮನನ್ನು ನೋಡಿದಳೇನೇ?’ ಬಹುತೇಕ ಯಾರೂ ವಾಪಸ್ ಹೋಗಲಿಲ್ಲ. ಸರ್ಕಾರ ಕರೆತಂದಿತು, ವಾಪಸ್ ಕಳಿಸುವ ಖರ್ಚು ಕೊಡುತ್ತಿರಲಿಲ್ಲ.

ಬೀಗಿತ್ತಿಯನ್ನು ಮತ್ತೆ ಭೇಟಿಯಾದಾಗ ಎರಡು ವಿಷಯ ಕೇಳಿ. ಹುಡುಗನ ವಂಶ ಆ ಮಕ್ಕಳಲ್ಲಿ ಯಾರಿಂದ ಬಂತು, ಶಿಕ್ಷೆ ಮುಗಿದ ಮೇಲೆ ಅಜ್ಜಿ ಯಾವ ಊರಿನಲ್ಲಿ ಇದ್ದಳು. ಫೈಲಿನಲ್ಲಿ ಅದಿಲ್ಲದಿದ್ದರೆ ಅವರೂ ನಿಮ್ಮ ಹಾಗೇ ತಪ್ಪುಗಳ ಪಟ್ಟಿಗೇ ನಿಂತಿದ್ದಾರೆ ಅಂತ ಅರ್ಥ. ಸೇರಿಕೊಂಡು ಹುಡುಕಿ. ಕ್ಯಾಸ್ಕೇಡ್ಸ್ ಈಗ ವಿಶ್ವ ಪರಂಪರೆಯ ತಾಣ, ನೋಡಲು ಬಿಡುತ್ತಾರೆ. ಬೇಸಿಗೆಯಲ್ಲಿ ಹೋದರೂ ಸ್ವೆಟರ್ ಇಟ್ಟುಕೊಳ್ಳಿ.